ಹಿನ್ನೆಲೆ ನೋಡುವವರ ಹಿನ್ನೆಲೆ

ಲಚ್ಯಾಣದಲ್ಲಿ ಮನೆ ನಂಬರು ಹಿಡಿದು ಯಾರೂ ಮನೆ ಹುಡುಕುವುದಿಲ್ಲ. ಇಂಡಿ ತಾಲ್ಲೂಕಿನ ಈ ಊರು ಸೊಲ್ಲಾಪುರ–ವಿಜಯಪುರ ರೈಲು ಮಾರ್ಗದ ಮೇಲಿದೆ, ಸಿದ್ಧಲಿಂಗ ಮಹಾರಾಜರ ಮಠದಿಂದ ಹೆಸರಾಗಿದೆ. ಇಲ್ಲಿ ವಿಳಾಸವೆಂದರೆ ಅಪ್ಪನ ಹೆಸರು, ಮನೆತನ, ಓಣಿ. ಬೈಕಿನಲ್ಲಿ ಬಂದ ಹೊಸಬನೊಬ್ಬ ಚಹಾದಂಗಡಿ ಮುಂದೆ ನಿಂತು ಮೊಬೈಲ್ ನೋಡಿಕೊಂಡು ‘ಮಲ್ಲಪ್ಪ ಬಿರಾದಾರ ಅವರ ಮನೆ ಎಲ್ಲಿ’ ಎಂದು ಕೇಳಿದರೆ ‘ಯಾವ ಮಲ್ಲಪ್ಪ ಬಿರಾದಾರ್ರೀ? ಊರಾಗಿನವ್ರೋ, ತೋಟದ ವಸ್ತಿಯವ್ರೋ?’ ಎಂಬ ಮರುಪ್ರಶ್ನೆ ಬರುತ್ತದೆ. ಬಂದವನಿಗೆ ಅದು ಗೊತ್ತಿರುವುದಿಲ್ಲ. ಅವನ ಮೊಬೈಲಿನಲ್ಲಿರುವುದು ‘ಲಚ್ಯಾಣ, ತಾ. ಇಂಡಿ, ಜಿ. ವಿಜಯಪುರ’ ಎಂಬ ಒಂದೇ ಸಾಲು. ಇಂಥ ಹತ್ತೂರಲ್ಲಿ ಅಂಥ ಮನೆ ಹುಡುಕುವುದು ಅವನ ಆ ದಿನದ ಕೆಲಸ. ಒಂದು ಮನೆಗೆ ಇಷ್ಟು ಎಂಬ ಲೆಕ್ಕದಲ್ಲಿ ಅವನಿಗೆ ದುಡ್ಡು.

ಪುಣೆಯಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕೆ ಆಯ್ಕೆಯಾದ ಒಬ್ಬ ಹುಡುಗನ ಸಲುವಾಗಿ ಅವನು ಬಂದಿದ್ದಾನೆ. ಇದು ಆ ಹುಡುಗನ ಹಿನ್ನೆಲೆ ತಪಾಸಣೆ; ಹುಡುಗರ ಬಾಯಲ್ಲಿ ‘ಬಿಜಿವಿ’, ಅಂದರೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್. ‘ಇಂಟರ್‌ವ್ಯೂ ಆಗ್ಯಾದ, ಬಿಜಿವಿ ಒಂದ್ ಉಳದೈತಿ’ ಎಂಬ ಮಾತು ಈಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮನೆಗಳಲ್ಲೂ ಕೇಳುತ್ತದೆ. ಓದು ನಿಜವೋ, ಹಿಂದಿನ ನೌಕರಿ ನಿಜವೋ, ಮೇಲೆ ಕೇಸುಗಳಿವೆಯೋ, ಹೇಳಿದ ಮನೆಯಲ್ಲೇ ಇರುವನೋ ಎಂದು ಕಂಪನಿಯ ಪರವಾಗಿ ಇನ್ನೊಂದು ಸಂಸ್ಥೆ ತಪಾಸಣೆ ಮಾಡುತ್ತದೆ. ವರದಿ ಬಣ್ಣದಲ್ಲಿ ಬರುತ್ತದೆ: ಎಲ್ಲ ಸರಿಯಿದ್ದರೆ ಹಸಿರು, ಸುಳ್ಳು ಸಿಕ್ಕರೆ ಕೆಂಪು, ನಡುವೆ ಎಲ್ಲೋ ಇದ್ದರೆ ಹಳದಿ. ಯಾವ ತಪಾಸಣಾ ಸಂಸ್ಥೆಯನ್ನು ನಂಬಬೇಕು ಎಂದು ಮಾಲೀಕರು ಕೇಳಿದಾಗ ಮಾರಾಟಕ್ಕೆ ಬಂದವರು ವೇಗದ ಲೆಕ್ಕ, ರೇಟಿನ ಪಟ್ಟಿ, ದೊಡ್ಡ ಗ್ರಾಹಕರ ಹೆಸರು ಮುಂದಿಡುತ್ತಾರೆ. ನಾನು ಕೇಳಬೇಕೆನ್ನುವ ಪ್ರಶ್ನೆ ಒಂದೇ: ಲಚ್ಯಾಣದ ತೋಟದ ವಸ್ತಿಯ ಮನೆ ಸಿಗದಿದ್ದಾಗ ನಿಮ್ಮವರು ವರದಿಯಲ್ಲಿ ಏನು ಬರೆಯುತ್ತಾರೆ?

ಮನೆ ಸಿಗದಿರುವುದಕ್ಕೆ ಈ ಸೀಮೆಯಲ್ಲಿ ನೂರು ಪ್ರಾಮಾಣಿಕ ಕಾರಣಗಳಿವೆ. ಅನೇಕ ಕುಟುಂಬಗಳು ಊರೊಳಗೆ ಹಳೆ ಮನೆ ಇಟ್ಟುಕೊಂಡು ಹೊಲದ ವಸ್ತಿಯಲ್ಲಿ ಬಾಳುತ್ತವೆ. ಆಧಾರಿನಲ್ಲಿ ಊರ ವಿಳಾಸ, ಬದುಕು ಮೂರ್ನಾಲ್ಕು ಕಿಲೋಮೀಟರ್ ಆಚೆ. ಮುದ್ದೇಬಿಹಾಳ, ಸಿಂದಗಿ ಕಡೆಯ ತಾಂಡಾಗಳಿಂದ ಮಹಾರಾಷ್ಟ್ರಕ್ಕೋ ಗೋವಾಕ್ಕೋ ಗುಳೆ ಹೋದವರ ಬಾಗಿಲಿಗೆ ತಿಂಗಳುಗಟ್ಟಲೆ ಬೀಗ. ವಿಜಯಪುರವೂ ಸೇರಿದಂತೆ ಐದು ಜಿಲ್ಲೆಗಳ ತಾಂಡಾ ನಿವಾಸಿಗಳಿಗೆ 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಹಕ್ಕುಪತ್ರ ಹಂಚಿದರಲ್ಲ, ಕಂದಾಯ ಗ್ರಾಮವಾದ ಅಂಥ ತಾಂಡಾಗಳ ಹೆಸರು ಹಳೆಯ ದಾಖಲೆಯಲ್ಲಿ ಒಂದು, ಹೊಸದರಲ್ಲಿ ಇನ್ನೊಂದು. ದೇವರ ಹಿಪ್ಪರಗಿ, ಚಡಚಣ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಬೇರೆ ತಾಲ್ಲೂಕುಗಳಾದ ಮೇಲೆ ಹತ್ತನೇ ಇಯತ್ತೆಯ ಅಂಕಪಟ್ಟಿಯಲ್ಲಿದ್ದ ‘ತಾ. ಸಿಂದಗಿ’ ಈಗಿನ ರೇಷನ್ ಕಾರ್ಡಿನಲ್ಲಿ ‘ತಾ. ದೇವರ ಹಿಪ್ಪರಗಿ’ ಆಗಿದ್ದರೆ ಅದರಲ್ಲಿ ಹುಡುಗನ ತಪ್ಪೇನು?

ಜಿಲ್ಲೆಯ ಹೆಸರೇ 2014ರ ನವೆಂಬರ್ 1ರಂದು ಬಿಜಾಪುರದಿಂದ ವಿಜಯಪುರವಾಯಿತು. ಹಳೆಯ ಕಾಗದದಲ್ಲಿ ಬಿಜಾಪುರ, ಹೊಸದರಲ್ಲಿ ವಿಜಯಪುರ. ಛತ್ತೀಸಗಡದಲ್ಲೂ ಒಂದು ಬಿಜಾಪುರ ಜಿಲ್ಲೆಯಿದೆ. ನಕ್ಸಲ್ ಸಂಘರ್ಷದ ಸುದ್ದಿಗಳಲ್ಲಿ ದೇಶ ಆ ಹೆಸರು ಕೇಳಿದೆ. ಹೆಸರು ಹಾಕಿ ಗುಂಡಿ ಒತ್ತುವ ಗುರುಗ್ರಾಮದ ತಪಾಸಣಾ ಕಚೇರಿಗೆ ಈ ಎರಡು ಬಿಜಾಪುರಗಳ ನಡುವಿನ ದೂರ ಗೊತ್ತಿರಲೇಬೇಕು.

ಬೀಗ ಹಾಕಿದ ಮನೆ ಮುಂದೆ ನಿಂತ ತಪಾಸಣೆಗಾರನಿಗೆ ಮೂರು ದಾರಿ. ಪಕ್ಕದ ಮನೆಯವರನ್ನು ಕೇಳಿ ಹುಡುಗನ ಫೋನಿಗೋ ಅಪ್ಪನ ಫೋನಿಗೋ ಕರೆ ಮಾಡಿ ಇನ್ನೊಂದು ದಿನ ಬರುವುದು. ಅಥವಾ ‘ಪರಿಶೀಲಿಸಲಾಗಲಿಲ್ಲ, ಮನೆ ಬೀಗ, ಮತ್ತೆ ಭೇಟಿ ಬೇಕು’ ಎಂದು ಇದ್ದದ್ದನ್ನು ಇದ್ದಹಾಗೆ ಬರೆಯುವುದು. ಇಲ್ಲವೇ ‘ವಿಳಾಸ ಹೊಂದುತ್ತಿಲ್ಲ’ ಎಂದು ಗುಂಡಿ ಒತ್ತಿ ಮುಂದಿನ ಊರಿಗೆ ಹೋಗುವುದು. ಕೊನೆಯದು ಹುಡುಗನನ್ನು ಸುಳ್ಳುಗಾರನನ್ನಾಗಿ ಮಾಡುತ್ತದೆ. ಒಂದಕ್ಕೆ ಇಷ್ಟೆಂದು ಕೂಲಿ ಕೊಟ್ಟು, ಎರಡನೇ ಭೇಟಿಗೆ ಕಾಸು ಕೊಡದ ಸಂಸ್ಥೆಯ ಕೆಲಸಗಾರ ಮೂರನೇ ದಾರಿ ಹಿಡಿದರೆ ತಪ್ಪು ಅವನೊಬ್ಬನದಲ್ಲ. ಆದ್ದರಿಂದ ಮಾಲೀಕರು ಗುತ್ತಿಗೆಗೆ ಸಹಿ ಹಾಕುವ ಮುಂಚೆ ಕೇಳಲೇಬೇಕು: ಊರಿಗೆ ಹೋಗುವವರು ನಿಮ್ಮ ನೌಕರರೋ, ಗುತ್ತಿಗೆಯೊಳಗಿನ ಒಳಗುತ್ತಿಗೆಯವರೋ? ಎರಡನೇ ಭೇಟಿಗೆ ದುಡ್ಡು ಕೊಡುತ್ತೀರಾ? ಕನ್ನಡ ಬರುವವರನ್ನು ಕಳಿಸುತ್ತೀರಾ?

ಈಚೆಗೆ ಕೆಲವರು ಊರಿಗೆ ಯಾರನ್ನೂ ಕಳಿಸುವುದಿಲ್ಲ. ಅಭ್ಯರ್ಥಿಯ ಮೊಬೈಲಿಗೆ ಲಿಂಕ್ ಕಳಿಸಿ, ಮನೆಯ ಫೋಟೊ ಮತ್ತು ಲೊಕೇಶನ್ ಕೇಳುತ್ತಾರೆ. ಅಗ್ಗ, ಬೇಗ. ಆದರೆ ಹುಡುಗ ಪುಣೆಯ ಹಾಸ್ಟೆಲಿನಲ್ಲಿದ್ದಾನೆ, ಖಾಯಂ ವಿಳಾಸ ಲಚ್ಯಾಣದ್ದು. ಒಂದು ಫೋಟೊ ತೆಗೆಯಲು ಅವನು ರಜೆ ಹಾಕಿ ರೈಲು ಹತ್ತಬೇಕು.

ಊರಿಗೆ ಬಂದವನು ಹೇಗೆ ಮಾತಾಡುತ್ತಾನೆ ಎನ್ನುವುದೂ ಸಣ್ಣ ಸಂಗತಿಯಲ್ಲ. ‘ಹುಡುಗ ಹೆಂಗ ಅದಾನ್ರಿ, ಏನರ ಕೇಸ್ ಗೀಸ್ ಅದಾವೇನ್ರಿ’ ಎಂದು ಕಟ್ಟೆಯ ಮೇಲೆ ನಾಲ್ಕು ಮಂದಿಯೆದುರು ಕೇಳಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ‘ಪೊಲೀಸ್ರು ಬಂದಿದ್ರಂತ’ ಎಂದು ಅದು ಬೆಳೆಯುತ್ತದೆ. ಗೊತ್ತಾಗಿದ್ದ ಹೆಣ್ಣು ತಪ್ಪುವುದಕ್ಕೆ ಅಷ್ಟು ಸಾಕು. ತಾನು ಯಾರು, ಯಾವ ಸಂಸ್ಥೆ, ಯಾಕೆ ಬಂದೆ ಎಂದು ಮನೆಯವರಿಗೆ ಗುರುತಿನ ಚೀಟಿ ತೋರಿಸಿ ಹೇಳಿ, ಕೇಳಬೇಕಾದಷ್ಟನ್ನು ಮಾತ್ರ ಮನೆಯೊಳಗೆ ಕೇಳಿ ಹೋಗುವ ಶಿಸ್ತನ್ನು ಸಂಸ್ಥೆ ಕಲಿಸಿರಬೇಕು.

ವಿಳಾಸಕ್ಕಿಂತ ದೊಡ್ಡ ಗಂಡಾಂತರ ಇರುವುದು ಕೋರ್ಟ್ ದಾಖಲೆಯ ಹುಡುಕಾಟದಲ್ಲಿ. ಖಾಸಗಿ ಸಂಸ್ಥೆಗೆ ಪೊಲೀಸರ ಅಪರಾಧ ದಾಖಲೆಯ ಜಾಲದೊಳಗೆ ನೇರ ಪ್ರವೇಶವಿಲ್ಲ. ಬೇಕಾದವರು ಸೇವಾ ಸಿಂಧು ಮೂಲಕವೋ ಠಾಣೆಯ ಮೂಲಕವೋ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು. ಅದಕ್ಕೆ ದಿನ ಹಿಡಿಯುತ್ತದೆ. ಹಾಗಾಗಿ ಬಹುತೇಕ ಸಂಸ್ಥೆಗಳು ಇ-ಕೋರ್ಟ್ಸ್ ದಾಖಲೆಗಳಲ್ಲಿ ಹೆಸರು ಹುಡುಕುತ್ತವೆ. ಅಲ್ಲಿ ಪಕ್ಷಕಾರರ ಹೆಸರಿರುತ್ತದೆ. ಹುಟ್ಟಿದ ತಾರೀಖು, ಫೋಟೊ ಇರುವುದಿಲ್ಲ. ಈಗ ಇಂಡಿ ನ್ಯಾಯಾಲಯದ ದಾಖಲೆಯಲ್ಲಿ ‘ಬಸವರಾಜ ಬಿರಾದಾರ’ ಎಂದು ಹುಡುಕಿದರೆ ಏನಾದೀತು? ಬಿರಾದಾರ, ಪಾಟೀಲ, ಹೂಗಾರ, ತಳವಾರ, ತಾಂಡಾಗಳಲ್ಲಾದರೆ ರಾಠೋಡ, ಚವ್ಹಾಣ, ಪವಾರ: ಇಲ್ಲಿ ಅಡ್ಡಹೆಸರುಗಳು ಕೆಲವೇ, ಜನ ಸಾವಿರ. ಬಸವರಾಜ, ಮಲ್ಲಪ್ಪ, ಸಿದ್ಧಲಿಂಗ ಎಂಬ ಹೆಸರುಗಳೂ ಹಾಗೆಯೇ ಓಣಿಗೆ ನಾಲ್ಕು. ಅಪ್ಪನ ಹೆಸರು, ಊರು, ವಯಸ್ಸು ಮೂರನ್ನೂ ತಾಳೆ ನೋಡಿ, ವಕೀಲರೊಬ್ಬರು ಕಡತ ಓದಿ ‘ಇವನೇ ಅವನು’ ಎಂದು ಖಚಿತಪಡಿಸದೆ ಕೆಂಪು ಹಚ್ಚುವ ಸಂಸ್ಥೆ ನಿರಪರಾಧಿಗಳ ಅನ್ನ ಕಸಿಯುತ್ತದೆ.

ಹೆಸರು ನಿಜವಾಗಿ ಅವನದೇ ಎಂದಿಟ್ಟುಕೊಂಡರೂ ಕಡತ ಓದುವ ಕೆಲಸ ಮುಗಿಯುವುದಿಲ್ಲ. ನಮ್ಮ ಕಡೆ ಬದುವಿನ ಜಗಳವಾದರೆ ದೂರಿನಲ್ಲಿ ಮನೆಯ ಗಂಡಸರೆಲ್ಲರ ಹೆಸರು ಬರೆಸುವುದು ಹಳೆಯ ರೂಢಿ. ಆ ದಿನ ಧಾರವಾಡದಲ್ಲಿ ಪರೀಕ್ಷೆ ಬರೆಯುತ್ತಿದ್ದ ಮಗನೂ ನಾಲ್ಕನೇ ಆರೋಪಿಯಾಗುತ್ತಾನೆ. ಕೇಸು ವರ್ಷಗಟ್ಟಲೆ ನಡೆದು ರಾಜಿಯಲ್ಲೋ ಖುಲಾಸೆಯಲ್ಲೋ ಮುಗಿಯುತ್ತದೆ. ಸರ್ಕಾರಿ ನೇಮಕಾತಿಗೆ ಸಂಬಂಧಿಸಿದ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಜುಲೈ 21ರಂದು ಕೊಟ್ಟ ತೀರ್ಪು ಈ ವಿಚಾರದಲ್ಲಿ ಬಹಳ ವಿವೇಕದ್ದು. ಅಭ್ಯರ್ಥಿ ತನ್ನ ಮೇಲಿನ ಕೇಸಿನ ಬಗ್ಗೆ ನಿಜ ಹೇಳಬೇಕು, ಮುಚ್ಚಿಡಬಾರದು; ಆದರೆ ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವಾಗಿದ್ದರೆ ಉದ್ಯೋಗದಾತ ಮುಚ್ಚಿಟ್ಟದ್ದನ್ನು ಮನ್ನಿಸಬಹುದು, ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಿಲ್ಲ ಎಂಬುದು ಅದರ ತಿರುಳು. ಬಾಲಾಪರಾಧಿಗಳ ವಿಚಾರದಲ್ಲಂತೂ 2015ರ ಬಾಲನ್ಯಾಯ ಕಾಯ್ದೆ, ಹಳೆಯದು ಅವರ ಬದುಕಿಗೆ ಅಡ್ಡ ಬರಬಾರದೆಂಬ ನಿಲುವನ್ನೇ ತಳೆದಿದೆ. ಖಾಸಗಿ ಮಾಲೀಕರು ಅವತಾರ್ ಸಿಂಗ್ ತೀರ್ಪನ್ನು ಅಕ್ಷರಶಃ ಪಾಲಿಸಬೇಕಾದ ಕಟ್ಟು ಇಲ್ಲದಿರಬಹುದು, ಅದರ ನ್ಯಾಯಬುದ್ಧಿಯನ್ನು ಎರವಲು ಪಡೆಯಲು ಯಾರ ಅಡ್ಡಿಯೂ ಇಲ್ಲ.

ಇಷ್ಟೆಲ್ಲ ಹೇಳಿದ್ದು ತಪಾಸಣೆಯೇ ಬೇಡವೆಂದಲ್ಲ. ಅದು ಏಕೆ ಹುಟ್ಟಿತೆಂಬುದನ್ನು ಮರೆಯಬಾರದು. 2005ರಲ್ಲಿ ಪುಣೆಯ ಕಾಲ್ ಸೆಂಟರೊಂದರ ನೌಕರರು ಅಮೆರಿಕದ ಸಿಟಿಬ್ಯಾಂಕ್ ಗ್ರಾಹಕರ ಖಾತೆಗಳಿಂದ ಹಣ ಎತ್ತಿದ ಪ್ರಕರಣ ಬಯಲಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಬೆಂಗಳೂರಿನ ಬಿಪಿಒ ಉದ್ಯೋಗಿಯೊಬ್ಬಳನ್ನು ರಾತ್ರಿ ಪಾಳಿಗೆ ಕರೆದೊಯ್ಯಲು ಬಂದ ಕ್ಯಾಬ್ ಚಾಲಕನೇ ಕೊಂದ. ಚಾಲಕರ ಹಿನ್ನೆಲೆ ಯಾರು ನೋಡಿದ್ದರು ಎಂಬ ಪ್ರಶ್ನೆ ಇಡೀ ನಗರವನ್ನು ಕಾಡಿತು. 2006ರ ಜನವರಿಯಲ್ಲಿ ಐಟಿ ಕಂಪನಿಗಳ ಒಕ್ಕೂಟವಾದ ನಾಸ್ಕಾಂ, ಐಟಿ ನೌಕರರ ಪರಿಶೀಲಿತ ವಿವರಗಳ ‘ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿ’ ಶುರುಮಾಡಿತು. ಆಥ್‌ಬ್ರಿಡ್ಜ್, ಐಡಿಫೈ, ಆನ್‌ಗ್ರಿಡ್, ಫಸ್ಟ್ ಅಡ್ವಾಂಟೇಜ್ ಮುಂತಾದ ಹೆಸರುಗಳು ಇಂದು ಈ ವ್ಯವಹಾರದಲ್ಲಿವೆ. ಶಾಲಾ ಬಸ್ಸಿನ ಚಾಲಕ, ಐಸಿಯು ನರ್ಸ್, ಪತ್ತಿನ ಸಂಘದ ಕ್ಯಾಷಿಯರ್ ಯಾರೆಂದು ತಿಳಿಯದೆ ನೇಮಿಸಿಕೊಳ್ಳುವುದು ಮಕ್ಕಳಿಗೆ, ರೋಗಿಗಳಿಗೆ, ಠೇವಣಿದಾರರಿಗೆ ಮಾಡುವ ಅನ್ಯಾಯ.

ಆದರೂ ತಪಾಸಣೆ ಎಷ್ಟು ದೂರ ನೋಡಬಲ್ಲದು ಎನ್ನುವುದನ್ನು ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿ ನಮಗೆ ತೋರಿಸಿದೆ. 2025ರ ಮೇ ತಿಂಗಳಲ್ಲಿ ಅಲ್ಲಿಯ ಕೆನರಾ ಬ್ಯಾಂಕ್ ಶಾಖೆಯಿಂದ ಸುಮಾರು 59 ಕೆ.ಜಿ. ಚಿನ್ನಾಭರಣ ಕಳುವಾಯಿತು. ಗ್ರಾಹಕರು ಸಾಲಕ್ಕೆ ಅಡವಿಟ್ಟಿದ್ದ ಬಂಗಾರ. ಬೆಲೆ 53 ಕೋಟಿ ರೂಪಾಯಿ ದಾಟಿತ್ತು. ಮುಂದಿನ ತಿಂಗಳು ಪೊಲೀಸರು ಬಂಧಿಸಿದ್ದು ಅದೇ ಶಾಖೆಯಲ್ಲಿ ಹಿರಿಯ ವ್ಯವಸ್ಥಾಪಕನಾಗಿದ್ದು ಕಳವಿಗೆ ಕೆಲವೇ ದಿನಗಳ ಹಿಂದೆ ವರ್ಗವಾಗಿದ್ದ ಅಧಿಕಾರಿಯನ್ನು ಮತ್ತು ಸಹಚರರನ್ನು. ಅಧಿಕಾರದಲ್ಲಿದ್ದಾಗಲೇ ನಕಲಿ ಕೀಲಿ ಮಾಡಿಸಿಕೊಂಡಿದ್ದನೆಂಬುದು ಪೊಲೀಸರ ಆರೋಪ. ತೀರ್ಮಾನ ನ್ಯಾಯಾಲಯಕ್ಕೆ ಬಿಟ್ಟದ್ದು. ಬ್ಯಾಂಕಿನಲ್ಲಿ ಆ ಹುದ್ದೆಗೇರಿದವರ ಅಂಕಪಟ್ಟಿ, ವಿಳಾಸ, ಅನುಭವದಲ್ಲಿ ತಪಾಸಣೆಗಾರನಿಗೆ ಏನು ಸಿಕ್ಕೀತು? ನೇಮಕದ ದಿನದ ಹಸಿರು ವರದಿ ಅಂದಿನವರೆಗಿನ ಮಾತನ್ನಷ್ಟೇ ಹೇಳುತ್ತದೆ. ವರ್ಗವಾದವನ ಕೈಯಲ್ಲಿದ್ದ ಬೀಗ ಬದಲಿಸುವುದು, ಎರಡು ಕೀಲಿ ಇಬ್ಬರ ಕೈಯಲ್ಲೇ ಇರುವಂತೆ ನೋಡಿಕೊಳ್ಳುವುದು ಬ್ಯಾಂಕಿನೊಳಗಿನ ಕೆಲಸ. ಯಾವ ಸಂಸ್ಥೆಯೂ ಹೊರಗಿನಿಂದ ಬಂದು ಮಾಡಿಕೊಡುವುದಿಲ್ಲ. ‘ನಮ್ಮ ವರದಿ ಇದ್ದರೆ ನಿಮಗೆ ಮೋಸವೇ ಆಗದು’ ಎಂದು ಮಾತು ಕೊಡುವ ಸಂಸ್ಥೆಯನ್ನು ಬಾಗಿಲಿಂದಲೇ ಕಳಿಸಿಬಿಡಿ.

ಓದಿನ ತಪಾಸಣೆಯಲ್ಲಿ ಒಳ್ಳೆಯ ಸಂಸ್ಥೆ, ಕಳಪೆ ಸಂಸ್ಥೆಯ ಫರಕು ಥಟ್ಟನೆ ಕಾಣುತ್ತದೆ. ಕಳಪೆಯವರು ಅಂಕಪಟ್ಟಿಯ ಸೀಲು ನೋಡಿ ‘ಸರಿ’ ಎನ್ನುತ್ತಾರೆ. ಒಳ್ಳೆಯವರು ಅದನ್ನು ಕೊಟ್ಟ ಮೂಲಕ್ಕೇ ಹೋಗುತ್ತಾರೆ. ಆದರೆ ಮೂಲ ಯಾವುದು? ಇಂಡಿಯ ಕಾಲೇಜಿನಲ್ಲಿ 2008ರಲ್ಲಿ ಪದವಿ ಮುಗಿಸಿದವರ ದಾಖಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಈ ಜಿಲ್ಲೆಯ ಕಾಲೇಜುಗಳು ಅದರ ಪಾಲಿಗೆ ಬಂದವು. ಹೆಣ್ಣುಮಕ್ಕಳ ಪದವಿಯಾದರೆ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದ್ದಿರಬಹುದು. 2003ರಲ್ಲಿ ಶುರುವಾದ ಅದಕ್ಕೆ ಅಕ್ಕಮಹಾದೇವಿಯ ಹೆಸರು ಬಂದದ್ದು 2017ರಲ್ಲಿ. ಇದು ತಿಳಿಯದವರು ತಪ್ಪು ವಿಶ್ವವಿದ್ಯಾಲಯಕ್ಕೆ ಪತ್ರ ಬರೆದು, ‘ನಮ್ಮಲ್ಲಿ ದಾಖಲೆ ಇಲ್ಲ’ ಎಂಬ ಉತ್ತರ ತರಿಸಿ, ಖರೇ ಪದವಿಯನ್ನು ಖೊಟ್ಟಿ ಎಂದು ಬರೆದುಬಿಟ್ಟಾರು. ಡಿಜಿಲಾಕರ್‌ನಲ್ಲಿ ವಿಶ್ವವಿದ್ಯಾಲಯವೇ ಹಾಕಿದ ಅಂಕಪಟ್ಟಿ ಇದ್ದರೆ ಈ ತಾಪತ್ರಯ ಬಹಳಷ್ಟು ತಪ್ಪುತ್ತದೆ.

ಅನುಭವದ ತಪಾಸಣೆಯೂ ಹಾಗೆಯೇ. ದುಡ್ಡು ಕೊಟ್ಟರೆ ಎರಡು ಮೂರು ವರ್ಷದ ಅನುಭವ ಪತ್ರ, ಸಂಬಳದ ಚೀಟಿ, ಕೇಳಿದವರಿಗೆ ಉತ್ತರಿಸಲು ಒಂದು ಫೋನ್ ನಂಬರು ಎಲ್ಲ ಸೇರಿಸಿ ಮಾರುವ ದಂಧೆಗಳು ಬೆಂಗಳೂರು, ಹೈದರಾಬಾದಿನಲ್ಲಿವೆ. ಪದವಿ ಮುಗಿಸಿ ಕೆಲಸವಿಲ್ಲದೆ ಪಿ.ಜಿ.ಯಲ್ಲಿ ಕೂತ ಹಳ್ಳಿ ಹುಡುಗರೇ ಅವರ ಗಿರಾಕಿಗಳು. ಅಪ್ಪ ಎಮ್ಮೆ ಮಾರಿ ಕಳಿಸಿದ ದುಡ್ಡು ಅಲ್ಲಿಗೆ ಹೋಗುತ್ತದೆ; ಸಿಕ್ಕಿಬಿದ್ದ ದಿನ ಕೆಲಸವೂ ಹೋಗುತ್ತದೆ, ಹೆಸರೂ ಹೋಗುತ್ತದೆ. ಪತ್ರದಲ್ಲಿ ಛಾಪಿಸಿದ ನಂಬರಿಗೇ ಕರೆ ಮಾಡುವ ಸಂಸ್ಥೆಗೆ ಇದು ಎಂದೂ ಸಿಗದು. ಕಂಪನಿಯ ನಂಬರನ್ನು ಬೇರೆ ಕಡೆಯಿಂದ ಹುಡುಕಿ, ಭವಿಷ್ಯ ನಿಧಿಯ ಯುಎಎನ್ ಖಾತೆಯಲ್ಲಿ ಆ ಕಂಪನಿಯ ವಂತಿಗೆ ಬಿದ್ದಿದೆಯೇ ಎಂದು ಅಭ್ಯರ್ಥಿಯ ಒಪ್ಪಿಗೆಯೊಡನೆ ನೋಡುವವರಿಗೆ ಸಿಗುತ್ತದೆ. ಹಾಗೆಂದು ಪಿಎಫ್ ಇಲ್ಲದವರೆಲ್ಲ ಸುಳ್ಳುಗಾರರಲ್ಲ. ಸೊಲ್ಲಾಪುರದ ಕಿರಾಣಿ ಅಂಗಡಿಯಲ್ಲಿ, ದ್ರಾಕ್ಷಿಯ ಶೆಡ್ಡಿನಲ್ಲಿ ರೊಕ್ಕದ ಸಂಬಳಕ್ಕೆ ದುಡಿದವನ ಅನುಭವಕ್ಕೆ ಮಾಲೀಕನ ಮಾತೇ ಸಾಕ್ಷಿ. ಆ ಮಾತನ್ನು ಕೇಳಿ ಬರೆದುಕೊಳ್ಳುವ ದಾರಿ ಸಂಸ್ಥೆಯಲ್ಲಿರಬೇಕು.

ಇನ್ನು ಕಾಗದಗಳ ಮಾತು. ತಪಾಸಣೆಗೆಂದು ಆಧಾರ್, ಪ್ಯಾನ್, ಅಂಕಪಟ್ಟಿ, ಪಾಸ್‌ಬುಕ್, ಮನೆಯ ಫೋಟೊ ಎಲ್ಲ ಒಂದೇ ಕಡೆ ರಾಶಿ ಬೀಳುತ್ತವೆ. ಅದು ಸೋರಿದರೆ ಏನಾಗುತ್ತದೆಂಬುದನ್ನು ಅಮೆರಿಕದ ‘ನ್ಯಾಷನಲ್ ಪಬ್ಲಿಕ್ ಡೇಟಾ’ ತೋರಿಸಿತು. ಹಿನ್ನೆಲೆ ತಪಾಸಣೆಯದೇ ವ್ಯಾಪಾರ ಮಾಡುತ್ತಿದ್ದ ಆ ಸಂಸ್ಥೆಯಿಂದ ಕೋಟ್ಯಂತರ ದಾಖಲೆಗಳು ಕಳ್ಳರ ಕೈಸೇರಿ, 2024ರ ಅಕ್ಟೋಬರ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಸಾರಿದ ಪ್ರಕರಣದ ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಹೊಣೆ ಮೊದಲು ಬೀಳುವುದು ದತ್ತಾಂಶ ಕೇಳಿದ ಮಾಲೀಕನ ಮೇಲೆ; ‘ಅದು ಏಜೆನ್ಸಿಯವರ ತಪ್ಪು’ ಎಂದು ಕೈತೊಳೆದುಕೊಳ್ಳುವಂತಿಲ್ಲ. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಹಂತಹಂತವಾಗಿ ಜಾರಿಯಾಗುತ್ತಿವೆ. ಹಾಗಾಗಿ ಗುತ್ತಿಗೆಯಲ್ಲಿ ಬರೆಸಿಕೊಳ್ಳಿ: ಕಾಗದ ಎಲ್ಲಿಡುತ್ತೀರಿ, ಯಾವಾಗ ಅಳಿಸುತ್ತೀರಿ, ಸೋರಿದರೆ ಎಷ್ಟು ಹೊತ್ತಿನಲ್ಲಿ ತಿಳಿಸುತ್ತೀರಿ. ಐಎಸ್‌ಒ 27001 ಪ್ರಮಾಣಪತ್ರ ಇದ್ದರೆ ಒಳ್ಳೆಯದೇ. ಅದು ಕಾಗದ ಕಾಯುವ ವ್ಯವಸ್ಥೆಗೆ ಸಿಕ್ಕ ಪ್ರಮಾಣಪತ್ರ. ವರದಿ ನಿಜವೆಂಬುದಕ್ಕೆ ಅಲ್ಲ.

ಖಾಸಗಿ ಭದ್ರತಾ ಸಂಸ್ಥೆಗಳಿಗೆ 2005ರ ಕಾಯ್ದೆಯಡಿ ಲೈಸೆನ್ಸ್ ಬೇಕು, ಅವರ ಗಾರ್ಡುಗಳ ಪೂರ್ವಾಪರ ನೋಡಲೇಬೇಕು. ಆದರೆ ಪೂರ್ವಾಪರ ನೋಡುವುದೇ ಕಸುಬಾದ ಸಂಸ್ಥೆಗಳಿಗೆ ನಮ್ಮಲ್ಲಿ ಪ್ರತ್ಯೇಕ ಲೈಸೆನ್ಸ್ ಕಾನೂನಿಲ್ಲ. ಖಾಸಗಿ ಪತ್ತೇದಾರಿ ಸಂಸ್ಥೆಗಳನ್ನು ನಿಯಂತ್ರಿಸುವ ಮಸೂದೆ 2007ರಲ್ಲಿ ರಾಜ್ಯಸಭೆಗೆ ಬಂದು ಕಾಯ್ದೆಯಾಗದೇ ಹೋಯಿತು. ಅಮೆರಿಕದಲ್ಲಿ ತಪಾಸಣೆಯ ವರದಿ ಆಧರಿಸಿ ಕೆಲಸ ನಿರಾಕರಿಸುವ ಮುಂಚೆ ಆ ವರದಿಯ ಪ್ರತಿಯನ್ನು ಅಭ್ಯರ್ಥಿಗೆ ಕೊಡಬೇಕೆಂದು ಕಾನೂನೇ ಹೇಳುತ್ತದೆ. ನಮ್ಮಲ್ಲಿ ಅಂಥ ನೇರ ಕಟ್ಟಳೆ ಇಲ್ಲದಿರುವುದು ದೊಡ್ಡ ಕೊರತೆ. ಕಾನೂನು ಬರುವವರೆಗೆ ಮಾಲೀಕರೇ ಅದನ್ನು ಗುತ್ತಿಗೆಯ ಷರತ್ತಾಗಿ ಹಾಕಬಹುದು: ಕೆಂಪು ಹಚ್ಚುವ ಮುನ್ನ ಅಭ್ಯರ್ಥಿಗೆ ತಿಳಿಸಿ, ಅವನ ಉತ್ತರ ಕೇಳಿ, ಆ ಉತ್ತರವನ್ನೂ ವರದಿಯಲ್ಲಿ ಸೇರಿಸಿ.

ಸಂಸ್ಥೆಯನ್ನು ಆರಿಸುವಾಗ ಗಡಿಗೆ ಬಾರಿಸಿ ಕೊಂಡಂತೆ ಒಮ್ಮೆ ಬಾರಿಸಿ ನೋಡುವುದು ಒಳ್ಳೆಯದು. ನಿಮ್ಮಲ್ಲಿ ಈಗಾಗಲೇ ಇರುವ, ನೀವು ಚೆನ್ನಾಗಿ ಬಲ್ಲ ಕೆಲವು ನೌಕರರ ಒಪ್ಪಿಗೆ ಪಡೆದು ಅವರ ಕಾಗದ ಕೊಡಿ. ಅವರಲ್ಲಿ ಒಬ್ಬರು ವಸ್ತಿಯವರಿರಲಿ, ಒಬ್ಬರು ತಾಂಡಾದವರಿರಲಿ, ಒಬ್ಬರು ಬಿರಾದಾರ ಅಡ್ಡಹೆಸರಿನವರಿರಲಿ. ಬಂದ ವರದಿಯನ್ನು ನಿಮಗೆ ಗೊತ್ತಿರುವ ಸತ್ಯದ ಪಕ್ಕ ಇಟ್ಟು ಓದಿ. ಸಣ್ಣ ಮಾಲೀಕರಿಗೆ ಇನ್ನೊಂದು ಮಾತು: ಎಲ್ಲಕ್ಕೂ ಸಂಸ್ಥೆ ಬೇಕಿಲ್ಲ. ಇಂಡಿಯ ಶಾಲೆಯವರು ಬಸ್ ಚಾಲಕನ ಲೈಸೆನ್ಸನ್ನು ಪರಿವಹನ್ ಪೋರ್ಟಲಿನಲ್ಲಿ ತಾವೇ ನೋಡಬಹುದು. ಆಸ್ಪತ್ರೆಯವರು ನರ್ಸ್‌ಗಳ ನೋಂದಣಿಯನ್ನು ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ, ವೈದ್ಯರದ್ದನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ವಿಚಾರಿಸಬಹುದು. ಹಿಂದಿನ ಮಾಲೀಕರಿಗೆ ಒಂದು ಫೋನ್ ಮಾಡಿ ‘ಇವರನ್ನ ಮತ್ತ ಕೆಲಸಕ್ಕ ತೊಗೋತೀರೇನ್ರಿ’ ಎಂದು ಕೇಳಿದರೆ ಬರುವ ಉತ್ತರ, ಉತ್ತರಕ್ಕೆ ಮುಂಚಿನ ತಡೆ ಎರಡೂ ಬಹಳ ಹೇಳುತ್ತವೆ.

ಕೆಲಸಕ್ಕೆ ಹೊರಟ ಹುಡುಗ ಹುಡುಗಿಯರೂ ಕೈಕಟ್ಟಿ ಕೂರಬೇಕಾಗಿಲ್ಲ. ಅರ್ಜಿಯಲ್ಲಿ ವಿಳಾಸದ ಜೊತೆ ವಸ್ತಿಯ ದಾರಿ, ಹತ್ತಿರದ ಗುಡಿ, ಹಗಲು ಮನೆಯಲ್ಲಿರುವ ಒಬ್ಬರ ಫೋನ್ ನಂಬರು ಬರೆಯಿರಿ. ಆಧಾರ್, ಅಂಕಪಟ್ಟಿ, ಪ್ಯಾನ್ ಮೂರರಲ್ಲೂ ಹೆಸರು ಒಂದೇ ತರಹ ಇಲ್ಲದಿದ್ದರೆ ಈಗಲೇ ಸರಿಪಡಿಸಿಕೊಳ್ಳಿ. ಒಂದರಲ್ಲಿ ಬಿರಾದಾರ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ಯಂತ್ರ ತಕರಾರು ತೆಗೆಯುತ್ತದೆ. ಆಧಾರ್ ಪ್ರತಿ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಮನೆಯವರ ಮೇಲಿನ ಬದುವಿನ ಕೇಸಿನಲ್ಲಿ ನಿಮ್ಮ ಹೆಸರೂ ಸೇರಿದ್ದರೆ, ಕೇಳಿದಲ್ಲಿ ಹೇಳಿ, ಖುಲಾಸೆಯ ಆದೇಶದ ಪ್ರತಿ ಇಂಡಿ ಕೋರ್ಟಿನಿಂದ ತಂದಿಟ್ಟುಕೊಳ್ಳಿ. ಕೆಲಸ ಕೈತಪ್ಪಿದರೆ, ವರದಿಯಲ್ಲಿ ಏನಿತ್ತೆಂದು ಕಂಪನಿಯನ್ನು ಬರಹದಲ್ಲಿ ಕೇಳಿ. ನಿಮ್ಮ ಬಗೆಗಿನ ಮಾಹಿತಿ ಏನೇನು ಇಟ್ಟಿದ್ದಾರೆಂದು ಕೇಳುವ, ತಪ್ಪಿದ್ದರೆ ತಿದ್ದಿಸುವ ಹಕ್ಕನ್ನು 2023ರ ಕಾಯ್ದೆಯೇ ಬರೆದಿದೆ.